ತಿರುವಿನಲ್ಲಿ ಉಸಿರುಗಟ್ಟುವ ಜಿಪ್ಸಿ: ಓದುಗರ ವಾಹನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮಲ್ಲಿ 1998ರ ಕಾರ್ಬೊರೇಟರ್ ಜಿಪ್ಸಿ ಇದೆ. ತೋಟದ ಓಡಾಟಕ್ಕೂ ಮೂರ್ನಾಡು ದಾರಿಯಾಗಿ ಮಡಿಕೇರಿಗೆ ಹೋಗಿಬರುವುದಕ್ಕೂ ಅದನ್ನೇ ಬಳಸುತ್ತೇವೆ. ಕಳೆದ ಮಳೆಗಾಲ ಮುಗಿದಾಗಿನಿಂದ, ತಿರುವಿನಲ್ಲಿ ಕಾಲು ತೆಗೆದು ಮತ್ತೆ ಎಕ್ಸಲರೇಟರ್ ಒತ್ತಿದರೆ ಎಂಜಿನ್ ಒಂದು ಕ್ಷಣ ಸತ್ತಂತಾಗಿ, ಆಮೇಲೆ ಜರ್ಕ್ ಹೊಡೆದು ಎಳೆಯುತ್ತದೆ. ವೇಗ ಹಿಡಿದ ಮೇಲೆ ಉದ್ದದ ಏರಿನಲ್ಲೂ ತೊಂದರೆಯಿಲ್ಲ. ಬೆಳಗಿನ ಹೊತ್ತು ಕಾಟ ಹೆಚ್ಚು, ಸ್ಲೋ (ಎಕ್ಸಲರೇಟರ್ ಒತ್ತದಿದ್ದಾಗಿನ ಎಂಜಿನ್ ಓಟ) ಕೂಡ ಏರುಪೇರಾಗುತ್ತದೆ. ಪ್ಲಗ್, ಕಾಯಿಲ್, ಕೊನೆಗೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರನ್ನೇ ಬದಲಾಯಿಸಿದರೂ ಗುಣವಾಗಲಿಲ್ಲ. ಇದು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ದೋಷವೆಂದು ಕೆಲವರು, ಎಂಜಿನ್ ಬಿಚ್ಚಿಯೇ ನೋಡಬೇಕೆಂದು ಕೆಲವರು ಹೇಳುತ್ತಾರೆ. ದಾರಿ ತೋರಿಸಬೇಕು.
– ಓದುಗರು, ನಾಪೋಕ್ಲು

ಉತ್ತರ: ದಯವಿಟ್ಟು ಎಂಜಿನ್ ಬಿಚ್ಚಿಸಬೇಡಿ. ವೇಗ ಹಿಡಿದ ಮೇಲೆ ಉದ್ದದ ಏರಿನಲ್ಲೂ ತೊಂದರೆಯಿಲ್ಲ ಎಂದು ನೀವೇ ಬರೆದಿದ್ದೀರಿ, ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯಿತು. ರಿಂಗು ಸವೆದು ಕಂಪ್ರೆಷನ್ ಇಳಿದಿದ್ದರೆ, ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಅಥವಾ ಪೆಟ್ರೋಲ್ ಪಂಪಿನ ಶಕ್ತಿ ಕುಂದಿದ್ದರೆ, ಅದು ಮೊದಲು ಗೊತ್ತಾಗುವುದು ಉದ್ದದ ಏರಿನಲ್ಲೇ, ಏಕೆಂದರೆ ಎಂಜಿನ್ನಿಗೆ ಹೆಚ್ಚು ಗಾಳಿಯೂ ಹೆಚ್ಚು ಪೆಟ್ರೋಲೂ ಬಿಡುವಿಲ್ಲದೆ ಬೇಕಾಗುವುದು ಅಲ್ಲಿ. ನಿಮ್ಮ ಗಾಡಿಗೆ ತೊಂದರೆ ಇರುವುದು ಕಾಲು ಒತ್ತಿದ ಆ ಒಂದು ಕ್ಷಣದಲ್ಲಿ ಮಾತ್ರ. ಆದ್ದರಿಂದ ಆ ಕ್ಷಣದಲ್ಲಿ ಎಂಜಿನ್ನಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ನೋಡಿದರೆ ಸಾಕು.

ಎಕ್ಸಲರೇಟರ್ ಒತ್ತಿದೊಡನೆ ಥ್ರಾಟಲ್ ತಟ್ಟೆ ತೆರೆದು ಗಾಳಿ ತಕ್ಷಣ ನುಗ್ಗುತ್ತದೆ. ಪೆಟ್ರೋಲ್ ಗಾಳಿಗಿಂತ ಬಹಳ ಭಾರವಾದ್ದರಿಂದ ಅಷ್ಟೇ ಬೇಗ ಜೆಟ್ಟಿನಿಂದ (ಪೆಟ್ರೋಲ್ ಬರುವ ಸಣ್ಣ ರಂಧ್ರ) ಮೇಲೇರಿ ಬರುವುದಿಲ್ಲ. ಜೊತೆಗೆ ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ನಿರ್ವಾತ ಒಮ್ಮೆಲೇ ಕುಸಿಯುವುದರಿಂದ, ಬಂದ ಪೆಟ್ರೋಲಿನಲ್ಲಿ ಒಂದು ಪಾಲು ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ, ತಣ್ಣಗಿರುವ ಎಂಜಿನ್ನಿನಲ್ಲಂತೂ ಇನ್ನೂ ಹೆಚ್ಚು. ಈ ಕೊರತೆಯನ್ನು ತುಂಬುವುದಕ್ಕೆಂದೇ ಕಾರ್ಬೊರೇಟರಿನಲ್ಲಿ ಎಕ್ಸಲರೇಟರ್ ಪಂಪ್ ಎಂಬ ಪುಟ್ಟ ಪಿಚಕಾರಿಯನ್ನು ಇಟ್ಟಿರುತ್ತಾರೆ. ಅದು ಕೆಟ್ಟಿದ್ದರೂ, ಕಾರ್ಬೊರೇಟರಿನ ಕೆಳಗೆ ಎಲ್ಲಾದರೂ ಕಳ್ಳಗಾಳಿ ಸೇರುತ್ತಿದ್ದರೂ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ (ಕಿಡಿಯನ್ನು ತುಸು ಮೊದಲೇ ಹಾರಿಸುವ ಏರ್ಪಾಡು) ಕೆಲಸ ಮಾಡದಿದ್ದರೂ ನೀವು ಹೇಳುವ ಲಕ್ಷಣವೇ ಕಾಣಿಸುತ್ತದೆ.

ಮೊದಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ವಾಹನ ಓಡಾಟವಿಲ್ಲದ ತೋಟದ ದಾರಿಯಲ್ಲಿ ಚೋಕ್ ಗುಂಡಿಯನ್ನು ಕಾಲುಭಾಗದಷ್ಟು ಎಳೆದು ಓಡಿಸಿ ನೋಡಿ. ತಡವರಿಕೆ ಕಡಿಮೆಯಾದರೆ ಎಂಜಿನ್ನಿಗೆ ಆ ಕ್ಷಣದಲ್ಲಿ ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾಗುತ್ತಿದೆ ಎಂದು ಅರ್ಥ. ಹೆಚ್ಚಾದರೆ ದೋಷ ಬೇರೆ ಕಡೆ ಇದೆ. ಬೆಳಗಿನ ಹೊತ್ತು ಕಾಟ ಹೆಚ್ಚು, ಸ್ಲೋ ಏರುಪೇರು ಎಂದು ನೀವು ಹೇಳುತ್ತಿರುವುದನ್ನು ನೋಡಿದರೆ, ಚೋಕ್ ಎಳೆದಾಗ ಗಾಡಿ ಸುಧಾರಿಸಿಕೊಳ್ಳುತ್ತದೆಂದೇ ನನ್ನ ನಿರೀಕ್ಷೆ.

ಆಮೇಲೆ ಎಂಜಿನ್ ನಿಲ್ಲಿಸಿ, ಏರ್ ಕ್ಲೀನರ್ ತೆಗೆದು, ಟಾರ್ಚ್ ಹಿಡಿದು ಕಾರ್ಬೊರೇಟರಿನ ಬಾಯೊಳಗೆ ನೋಡುತ್ತಾ ಥ್ರಾಟಲ್ ಲಿವರನ್ನು ಕೈಯಿಂದ ಚಕ್ಕನೆ ಎಳೆಯಿರಿ. ಸಣ್ಣ ನಳಿಕೆಯಿಂದ ಸೂಜಿಯಂತೆ ನೇರವಾದ, ಕಡಿಯದ ಪೆಟ್ರೋಲ್ ಧಾರೆ ಬರಬೇಕು, ಲಿವರ್ ಅಲುಗಿದ ಕ್ಷಣದಲ್ಲೇ ಬರಬೇಕು. ತೊಟ್ಟಿಕ್ಕಿದರೆ, ತಡವಾಗಿ ಬಂದರೆ, ಅಥವಾ ಬರದೇ ಹೋದರೆ ಪಂಪಿನ ರಬ್ಬರ್ ಗಟ್ಟಿಯಾಗಿದೆ ಇಲ್ಲವೇ ನಳಿಕೆಯಲ್ಲಿ ಕಸ ನಿಂತಿದೆ. ಕಾರ್ಬೊರೇಟರ್ ಹೊಸದು ಎಂಬ ನಂಬಿಕೆಯ ಮೇಲೆ ಈ ಪರೀಕ್ಷೆಯನ್ನು ಬಿಟ್ಟುಬಿಡಬೇಡಿ, ವರ್ಷಗಟ್ಟಲೆ ಅಂಗಡಿಯ ಕಪಾಟಿನಲ್ಲಿ ಕುಳಿತ ಬಿಡಿಭಾಗದ ರಬ್ಬರೂ ಒಣಗಿರಬಹುದು. ಹತ್ತಿರದಲ್ಲಿ ಯಾರೂ ಬೀಡಿ ಹಚ್ಚದಂತೆ ನೋಡಿಕೊಂಡು, ಒಂದು ಬಕೆಟ್ ಒಣ ಮರಳನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಮಾಡಬೇಕು.

ಧಾರೆ ಚೆನ್ನಾಗಿದ್ದರೆ ನನ್ನ ಅನುಮಾನವೆಲ್ಲ ಕಳ್ಳಗಾಳಿಯ ಮೇಲೆ. ನಿಮ್ಮದೇ ಲಕ್ಷಣವಿದ್ದ ಗಾಡಿಯೊಂದು ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದಿತ್ತು. ಅದಕ್ಕೂ ಕಾರ್ಬೊರೇಟರ್ ಹೊಸದಾಗಿ ಹಾಕಿಸಿದ್ದರು. ನಾನು ಎರಡು ದಿನ ಕಿಡಿಯ ಟೈಮಿಂಗಿನ ಹಿಂದೆ ಬಿದ್ದು ಹೊತ್ತು ಕಳೆದೆ. ಮೂರನೆಯ ದಿನ ಕಾರ್ಬೊರೇಟರ್ ಕಳಚಿ ನೋಡಿದಾಗ, ಅದರಡಿಯ ಶಾಖ ತಡೆಯುವ ದಪ್ಪ ಬಿಲ್ಲೆಯ ಮೇಲೆ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳು ಕೆರೆಯದೆ ಹಾಗೇ ಉಳಿದಿದ್ದವು. ಒಂದು ಮೂಲೆಯ ನಟ್ಟನ್ನು ಅತಿಯಾಗಿ ಬಿಗಿದದ್ದರಿಂದ ಬಿಲ್ಲೆಯ ಅಂಚಿನಿಂದ ನಡುವಿನ ತೂತಿನವರೆಗೆ ಕೂದಲೆಳೆಯಂಥ ಸೀಳು ಬಂದಿತ್ತು. ಬೆಳಕಿಗೆ ಹಿಡಿದರೆ ಕಾಣದ ಆ ಸೀಳು, ಎರಡೂ ಹೆಬ್ಬೆರಳಿನಿಂದ ಬಿಲ್ಲೆಯನ್ನು ಮೆಲ್ಲಗೆ ಬಾಗಿಸಿದಾಗ ಬಾಯಿ ಬಿಟ್ಟಿತು. ಕಾರ್ಬೊರೇಟರ್ ಎಷ್ಟೇ ಹೊಸದಾದರೂ ಅದು ಅಳೆದು ಕೊಟ್ಟ ಮಿಶ್ರಣಕ್ಕೆ ಕೆಳಗಿನಿಂದ ಅಳತೆಯಿಲ್ಲದ ಗಾಳಿ ಬೆರೆಯುತ್ತಿತ್ತು. ನಿಮ್ಮ ಕಾರ್ಬೊರೇಟರ್ ಬದಲಾಯಿಸಿದವರು ಗ್ಯಾಸ್ಕೆಟ್ ಮತ್ತು ಬಿಲ್ಲೆಯನ್ನೂ ಬದಲಾಯಿಸಿದರೇ ಎಂದು ವಿಚಾರಿಸಿ. ಇಲ್ಲವೆಂದಾದರೆ ಮೊದಲ ಕೆಲಸ ಅದೇ.

ಬಿಚ್ಚುವ ಮುನ್ನವೇ ಕಳ್ಳಗಾಳಿಯನ್ನು ಹಿಡಿಯಬಹುದು. ಎಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಸಣ್ಣ ಸ್ಪ್ರೇ ಬಾಟಲಿಯಿಂದ ಕಾರ್ಬೊರೇಟರಿನ ಬುಡ, ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಜಾಗ ಮತ್ತು ಪ್ರತಿ ನಿರ್ವಾತ ಕೊಳವೆಯ ತುದಿಗೆ ಸ್ವಲ್ಪಸ್ವಲ್ಪವೇ ನೀರು ಸಿಂಪಡಿಸಿ. ನೀರು ಬಿದ್ದ ಕೂಡಲೇ ಎಂಜಿನ್ನಿನ ಸದ್ದು ಬದಲಾದ ಜಾಗದಲ್ಲೇ ಸೀಳು ಇದೆ. ಕೆಲವರು ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಅಥವಾ ಪೆಟ್ರೋಲನ್ನೇ ಸಿಂಪಡಿಸುತ್ತಾರೆ, ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ. ಬಿಸಿಯಾದ ಸೈಲೆನ್ಸರ್ ಮ್ಯಾನಿಫೋಲ್ಡಿಗೆ ನೀರೂ ಬೀಳಬಾರದು. ತೋಟದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಬೋರ್ಡೋ ದ್ರಾವಣ ಹೊಡೆದ ಹಳೆಯ ಸ್ಪ್ರೇಯರ್, ಅದನ್ನು ಖಂಡಿತ ಬಳಸಬೇಡಿ, ಮೈಲುತುತ್ತದ ಅಂಶ ಕಬ್ಬಿಣ ಮತ್ತು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆಯನ್ನು ಒಂದು ಕ್ಷಣ ಒತ್ತಿ ಹಿಡಿದು ನೋಡಿ, ಸ್ಲೋ ಸ್ಥಿರವಾದರೆ ಸೋರಿಕೆ ಬೂಸ್ಟರಿನಲ್ಲಿ ಅಥವಾ ಅದರ ಕೊಳವೆಯಲ್ಲಿ ಇದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ಈ ಕೊಳವೆಗಳನ್ನು ಕಡಿಯುವುದು ನಮ್ಮ ಕಡೆ ಹೊಸದಲ್ಲ. ಕೊಳವೆಯ ಮೇಲ್ಭಾಗ ಚೆನ್ನಾಗಿ ಕಂಡರೂ ಅಡಿಭಾಗವನ್ನು ಬೆರಳಿನಿಂದ ಸವರಿ ನೋಡಬೇಕು.

ಇನ್ನು ಅಡ್ವಾನ್ಸ್. ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿರುವ ದುಂಡಗಿನ ಡಬ್ಬಿಯಿಂದ ಕಾರ್ಬೊರೇಟರಿಗೆ ಸಣ್ಣ ಕೊಳವೆಯೊಂದು ಹೋಗುತ್ತದೆ. ಎಂಜಿನ್ ನಿಲ್ಲಿಸಿ, ಆ ಕೊಳವೆಯನ್ನು ಕಾರ್ಬೊರೇಟರಿನ ಕಡೆ ಕಳಚಿ, ತುದಿಯನ್ನು ಒರೆಸಿ, ಬಾಯಿಂದ ಗಾಳಿ ಎಳೆದು ನಾಲಗೆಯಿಂದ ಮುಚ್ಚಿ ಹಿಡಿಯಿರಿ. ನಾಲಗೆ ಅಂಟಿಕೊಂಡಂತೆ ನಿಂತರೆ ಒಳಗಿನ ಡಯಾಫ್ರಂ (ತೆಳು ರಬ್ಬರ್ ಪೊರೆ) ಸರಿಯಾಗಿದೆ. ಗಾಳಿ ಸರಾಗವಾಗಿ ಬರುತ್ತಲೇ ಇದ್ದರೆ ಅದು ಹರಿದಿದೆ, ಅಲ್ಲಿಂದಲೂ ಕಳ್ಳಗಾಳಿ ಒಳಸೇರುತ್ತದೆ, ಆದ್ದರಿಂದ ಇದೊಂದೇ ದೋಷ ಎರಡು ದೋಷಗಳ ಹಾಗೆ ಕಾಣಿಸಿಕೊಳ್ಳಬಹುದು. ಡಯಾಫ್ರಂ ಸರಿಯಿದ್ದರೂ ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆ ತುಕ್ಕಿನಿಂದ ಹಿಡಿದುಕೊಂಡಿರಬಹುದು. ಕ್ಯಾಪ್ ತೆಗೆದು, ಬಾಯಿಂದ ಎಳೆದಾಗ ತಟ್ಟೆ ತಿರುಗುತ್ತದೆಯೇ ಎಂಬುದನ್ನೂ ಕಣ್ಣಾರೆ ನೋಡಿ.

ಪ್ಲಗ್ ಹೊಸದಾದರೂ ಅದರ ಗ್ಯಾಪ್ ಅಳೆಸಿ. ಈ ಬಗೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿರುವುದೇ ಅಂತಿಮ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ: ಬಿಸ್ಕತ್ತಿನ ಬಣ್ಣ ಒಳ್ಳೆಯದು, ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲ್ ಕಡಿಮೆ, ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು.

ತೊಂದರೆ ಮಳೆಗಾಲ ಮುಗಿದ ಬೆನ್ನಲ್ಲೇ ಆರಂಭವಾದ್ದರಿಂದ ಕಿಡಿಯ ಸೋರಿಕೆಯನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು. ರಾತ್ರಿ ಶೆಡ್ಡಿನ ದೀಪ ಆರಿಸಿ, ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ ಎರಡು ನಿಮಿಷ ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ನಿಲ್ಲಿ. ಕ್ಯಾಪಿನ ಸೀಳಿನಲ್ಲೋ ವೈರಿನ ಬುಡದಲ್ಲೋ ದಾರದಷ್ಟು ತೆಳುವಾದ ನೀಲಿ ಗೆರೆ ಹರಿದಾಡುತ್ತಿದ್ದರೆ, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅಲ್ಲೇ ಹಾದಿ ತಪ್ಪುತ್ತಿದೆ. ಕಿಡಿಗೆ ಹೆಚ್ಚು ಒತ್ತಡ ಬೇಕಾಗುವುದು ಥ್ರಾಟಲ್ ತೆರೆದು ಸಿಲಿಂಡರ್ ತುಂಬಿದಾಗ, ಅದಕ್ಕೇ ಸ್ಲೋನಲ್ಲಿ ಸುಮ್ಮನಿದ್ದ ದೋಷ ಕಾಲು ಒತ್ತಿದಾಗ ಹೊರಬೀಳುತ್ತದೆ. ಕತ್ತಲೆಯಲ್ಲಿ ಫ್ಯಾನು, ಬೆಲ್ಟು ಮತ್ತು ವೈರುಗಳ ಹತ್ತಿರ ಕೈ ಚಾಚಬೇಡಿ.

ಇ20ರ ವಿಷಯಕ್ಕೆ ಬರುತ್ತೇನೆ. ಶೇ. 20 ಎಥೆನಾಲ್ ಬೆರೆಸಿದ ಈ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ನಿಮ್ಮ ಜಿಪ್ಸಿ ಅದಕ್ಕಿಂತ 25 ವರ್ಷ ಹಳೆಯದು. ಪೂರ್ತಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ ಸುಮಾರು 9 ಕಿಲೋ ಸಾಕು, ಇ20ಗೆ ಅಂದಾಜು 13.5. ಹೊಸ ಗಾಡಿಗಳಲ್ಲಿ ಸೆನ್ಸರ್ ಇದನ್ನು ತಿಳಿದು ಪೆಟ್ರೋಲ್ ಹೆಚ್ಚಿಸುತ್ತದೆ, ಕಾರ್ಬೊರೇಟರಿನ ಜೆಟ್ ಮಾತ್ರ ಕೊರೆದಷ್ಟೇ ಇರುತ್ತದೆ, ಆದ್ದರಿಂದ ಮಿಶ್ರಣ ತೆಳುವಾಗುತ್ತದೆ. ಆದರೆ ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಸಾವಿರ ಮೀಟರ್ ಎತ್ತರಕ್ಕೆ ಗಾಳಿಯ ಸಾಂದ್ರತೆ ಸುಮಾರು ಹತ್ತನೇ ಒಂದು ಭಾಗ ಇಳಿಯುವುದರಿಂದ, ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬೊರೇಟರ್ ನಮ್ಮ ಎತ್ತರದಲ್ಲಿ ಶೇ. ಐದಾರರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಅಂದರೆ ಇ20 ತೆಳುವಾಗಿಸಿದ್ದನ್ನು ಮಡಿಕೇರಿಯ ಎತ್ತರ ಬಹುಪಾಲು ಸರಿದೂಗಿಸುತ್ತದೆ. ನಿಮ್ಮ ದೋಷಕ್ಕೆ ಇ20 ಒಂದೇ ಕಾರಣವಾಗಿದ್ದರೆ ಅದು ಮಾಕುಟ್ಟ ಇಳಿದು ಕಣ್ಣೂರಿನ ಕಡೆ ಹೋದಾಗ ಹೆಚ್ಚಾಗಿ, ಮೇಲೆ ಬಂದಾಗ ಕಡಿಮೆಯಾಗಬೇಕಿತ್ತು. ಮುಂದಿನ ಸಲ ಘಾಟಿ ಇಳಿದಾಗ ಈ ವ್ಯತ್ಯಾಸವನ್ನು ಗಮನಿಸಿ ಬರೆದಿಟ್ಟುಕೊಳ್ಳಿ.

ಇ20ರಿಂದ ನಿಮಗೆ ನಿಜವಾಗಿ ತೊಂದರೆಯಾಗಬಹುದಾದದ್ದು ಬೇರೆ ಎರಡು ಕಡೆ. ಹಳೆಯ ರಬ್ಬರ್ ಕೊಳವೆಗಳನ್ನೂ ಡಯಾಫ್ರಂಗಳನ್ನೂ ಎಥೆನಾಲ್ ಉಬ್ಬಿಸಿ ಮೆತ್ತಗಾಗಿಸುತ್ತದೆ. ಜೊತೆಗೆ ಅದು ತೇವವನ್ನು ಹೀರಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅರ್ಧ ಟ್ಯಾಂಕ್ ಪೆಟ್ರೋಲಿನೊಡನೆ ಶೆಡ್ಡಿನಲ್ಲೇ ನಿಂತ ಗಾಡಿಯಲ್ಲಿ ನೀರಿನ ಪ್ರಮಾಣ ಮಿತಿ ಮೀರಿದರೆ, ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸದೆ ಬೇರೆ ಯಾವ ಕೆಲಸಕ್ಕೂ ಕೈಹಾಕಬೇಡಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ತಿರುವಿನಲ್ಲಿ ಅದೇ ಗೇರಿನಲ್ಲಿ ಓಡಿಸಿ ನೋಡಿ. ಕಳಚಿದ ಹಳೆಯ ಕಾರ್ಬೊರೇಟರನ್ನು ಗುಜರಿಗೆ ಹಾಕಬೇಡಿ. ದೋಷ ಅದರದ್ದಲ್ಲವೆಂದು ಈಗ ಹೆಚ್ಚುಕಡಿಮೆ ಗೊತ್ತಾಗಿದೆ. ಅದನ್ನು ಬಿಚ್ಚಿ ತೊಳೆದು ಹೊಸ ರಬ್ಬರ್ ಕಿಟ್ ಹಾಕಿಸಿದರೆ ನಕಲಿ ಕಾರ್ಬೊರೇಟರಿಗಿಂತ ಅದೇ ಚೆನ್ನಾಗಿ ಓಡೀತು.

ಪ್ರಶ್ನೆ: ನನ್ನದು 1990ರ ದಶಕದ ಡೀಸೆಲ್ ಜೀಪು. ಸುಳ್ಯದಿಂದ ಸಂಪಾಜೆ ಘಾಟಿ ಹತ್ತುವಾಗ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ದಮ್ಮಿಲ್ಲದೆ ನಿಂತೇಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಹೊಗೆ ಇಲ್ಲ. ಡೀಸೆಲ್ ಪಂಪ್ ಬಿಚ್ಚಿಸಬೇಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಕಪ್ಪು ಹೊಗೆ ಇಲ್ಲವೆಂದರೆ ಎಂಜಿನ್ನಿಗೆ ಡೀಸೆಲ್ಲೇ ತಲುಪುತ್ತಿಲ್ಲ. ಹೊಗೆ ಕಾರುತ್ತಾ ಶಕ್ತಿ ಇಳಿದಿದ್ದರೆ ಏರ್ ಕ್ಲೀನರನ್ನೂ ನಾಜಲ್‌ಗಳನ್ನೂ ನೋಡಿ ಎನ್ನುತ್ತಿದ್ದೆ. ನಿಂತು ಸುಧಾರಿಸಿಕೊಂಡು ಮತ್ತೆ ಓಡುವ ಗುಣವನ್ನು ನೋಡಿದರೆ ಟ್ಯಾಂಕಿನ ಕಡೆ ಬೆರಳು ತೋರಿಸಬೇಕಾಗುತ್ತದೆ. ಟ್ಯಾಂಕಿನೊಳಗಿನ ಕಸ ಅಥವಾ ಪಾಚಿಯಂಥ ಲೋಳೆ ಹೀರುಕೊಳವೆಯ ಜಾಲರಿಗೆ ಸೆಳೆದುಕೊಂಡು ಅಂಟುತ್ತದೆ, ಎಂಜಿನ್ ನಿಂತು ಸೆಳೆತ ಇಲ್ಲವಾದಾಗ ಕಳಚಿ ಬೀಳುತ್ತದೆ. ಟ್ಯಾಂಕಿಗೆ ಗಾಳಿ ಸೇರುವ ರಂಧ್ರ ಮುಚ್ಚಿದ್ದರೂ ಹೀಗೇ ಆಗುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜ ಆ ಸಣ್ಣ ಕೊಳವೆಯನ್ನು ಅಚ್ಚುಕಟ್ಟಾಗಿ ಮುಚ್ಚಿಬಿಟ್ಟಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಸೂಜಿಯಿಂದ ಕೆರೆದು ತೆಗೆದಿದ್ದೇನೆ. ಮುಂದಿನ ಸಲ ಗಾಡಿ ನಿಂತಾಗ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡರೆ ಅಪರಾಧಿ ಸಿಕ್ಕಂತೆ.

ಸದ್ದು ಬರದಿದ್ದರೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಇಳಿಸಿ, ಫಿಲ್ಟರ್ ಬದಲಾಯಿಸಿ, ಟ್ಯಾಂಕ್ ಇಳಿಸಿ ತೊಳೆಸಿ. ಬೆಳಿಗ್ಗೆ ಚಾಲೂ ಆಗುವುದಕ್ಕೂ ಸತಾಯಿಸುತ್ತಿದ್ದರೆ ಲೈನಿನಲ್ಲಿ ಏರ್ ಹಿಡಿಯುತ್ತಿದೆ. ಟ್ಯಾಂಕಿನಿಂದ ಬರುವ ಲೈನಿನ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಕೊಳವೆಯ ಗೇಣುದ್ದದ ತುಂಡನ್ನು ಪರೀಕ್ಷೆಯ ಮಟ್ಟಿಗೆ ಸೇರಿಸಿ ನೋಡಿದರೆ ಗುಳ್ಳೆಗಳು ಓಡುವುದು ಕಣ್ಣಿಗೇ ಕಾಣುತ್ತದೆ. ಹೊರಗೆ ಡೀಸೆಲ್ ಸೋರುತ್ತಿಲ್ಲವೆಂದು ಸಮಾಧಾನಪಡಬೇಡಿ, ಸೆಳೆತದ ಲೈನಿನಲ್ಲಿ ಡೀಸೆಲ್ ಹೊರಬರದಷ್ಟು ಸಣ್ಣ ಬಿರುಕಿನಿಂದಲೂ ಗಾಳಿ ಒಳಬರುತ್ತದೆ. ಕೆಲಸ ಮುಗಿದ ಮೇಲೆ ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಂತು ಬರಿ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ ಏರ್ ಬಿಡಿಸಬೇಕು.

ಪ್ರಶ್ನೆ: 2002ರ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಸಣ್ಣ ಕಾರು. ಎಕ್ಸಲರೇಟರನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ಒತ್ತಿದಾಗ ಮಾತ್ರ ಜರ್ಕ್ ಹೊಡೆಯುತ್ತದೆ. ಅದಕ್ಕಿಂತ ಕಡಿಮೆ ಒತ್ತಿದರೂ ಹೆಚ್ಚು ಒತ್ತಿದರೂ ಸರಿಯಿರುತ್ತದೆ.
– ಓದುಗರು, ಕುಶಾಲನಗರ

ಉತ್ತರ: ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರಿನೊಳಗಿನ ಪಟ್ಟಿ, ಕಾಲು ಹೆಚ್ಚು ಹೊತ್ತು ನಿಲ್ಲುವ ಜಾಗದಲ್ಲೇ ಸವೆಯುತ್ತದೆ. ಇಗ್ನಿಷನ್ ಮಾತ್ರ ಹಾಕಿ, ಎಂಜಿನ್ ಚಾಲೂ ಮಾಡದೆ, ಸೆನ್ಸರಿನ ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿದು ಥ್ರಾಟಲನ್ನು ಬಹಳ ನಿಧಾನವಾಗಿ ತೆರೆಯಿಸಿ. ಅರ್ಧ ವೋಲ್ಟಿನ ಆಸುಪಾಸಿನಿಂದ ನಾಲ್ಕು ವೋಲ್ಟಿನ ಆಸುಪಾಸಿಗೆ ಒಂದೇ ಸಮನೆ ಏರಬೇಕು. ನಡುವೆ ಮುಳ್ಳು ಒಮ್ಮೆ ಬಿದ್ದು ಎದ್ದರೆ ಸೆನ್ಸರ್ ಬದಲಾಯಿಸಿ. ಇದಕ್ಕೆ ಮುಳ್ಳಿನ ಹಳೆಯ ಮೀಟರೇ ಒಳ್ಳೆಯದು, ಅಂಕಿ ತೋರಿಸುವ ಮೀಟರ್ ಆ ಕ್ಷಣಿಕ ಕುಸಿತವನ್ನು ಹಲವು ಬಾರಿ ತೋರಿಸುವುದೇ ಇಲ್ಲ.

ಪ್ರಶ್ನೆ: ನನ್ನ ಹಳೆಯ ಓಮ್ನಿಯಲ್ಲಿ ಏರು ಬಂದಾಗ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ಟ್ಯೂನಿಂಗ್ ಮಾಡಿಸಿದರೂ ಹಾಗೆಯೇ ಇದೆ.
– ಓದುಗರು, ಗೋಣಿಕೊಪ್ಪಲು

ಉತ್ತರ: ಸದ್ದು ಏರುತ್ತಿದೆ ಎಂದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ. ಜಾರುತ್ತಿರುವುದು ಕ್ಲಚ್. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿದು, ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ನಾಲ್ಕನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಕೂಡಲೇ ನಿಂತುಹೋಗಬೇಕು, ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಒಂದು ಸಲ ನೋಡಿದರೆ ಸಾಕು, ಪದೇಪದೇ ಮಾಡಿದರೆ ಉಳಿದ ಪ್ಲೇಟೂ ಸುಟ್ಟುಹೋಗುತ್ತದೆ. ಪ್ಲೇಟ್ ಬದಲಾಯಿಸುವ ಮುನ್ನ ಕ್ಲಚ್ ಕೇಬಲ್ ಅತಿಯಾಗಿ ಬಿಗಿದಿದೆಯೇ ಎಂಬುದನ್ನು ಮೆಕ್ಯಾನಿಕ್ಕಿಗೆ ತೋರಿಸಿ. ಪೆಡಲಿನಲ್ಲಿ ಸಡಿಲವೇ ಇಲ್ಲದಿದ್ದರೆ ಕೇಬಲ್ ಹೊಂದಿಸಿದ ಮಾತ್ರಕ್ಕೆ ಗಾಡಿ ಏರು ಹತ್ತಲೂಬಹುದು.